ಲಿನಕ್ಸ್‌ನಲ್ಲಿ ಹಳೆಯ ಫಿಲ್ಮ್ ಸ್ಕ್ಯಾನರ್ ಓಡಿಸಿದವರು ಇದ್ದೀರಾ?

ಕೇಳಿದವರು, ಕಲಬುರಗಿ

ನಮ್ಮ ಕಾಕಾ ಸೂಪರ್ ಮಾರ್ಕೆಟ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದರು. ಈಗ ಮುಚ್ಚಿದೆ. ಮದುವೆ, ಜವಳ, ಶರಣಬಸವೇಶ್ವರ ಜಾತ್ರೆಯ ತೇರು, ಎಲ್ಲದರ ನೆಗೆಟಿವ್‌ಗಳೂ ಬಿಸ್ಕೆಟ್ ಡಬ್ಬಿಗಳಲ್ಲಿ ಬಿದ್ದಿವೆ. ಪರಿಚಯದವರೊಬ್ಬರು ಹಳೆಯ 35 ಎಂಎಂ ಫಿಲ್ಮ್ ಸ್ಕ್ಯಾನರ್ ಕೊಟ್ಟರು. ಅದರ ಸಿಡಿಯಲ್ಲಿ ಇರೋದು ವಿಂಡೋಸ್ ಎಕ್ಸ್‌ಪಿ, ವಿಸ್ಟಾ ಡ್ರೈವರ್ ಅಷ್ಟೇ. ನನ್ನದು ಉಬುಂಟು ಲಿನಕ್ಸ್, ಅದೂ ಸ್ವಲ್ಪ ಹಳೆಯದು. ಸ್ಕ್ಯಾನ್ ಮಾಡೋ ಆ್ಯಪ್ ತೆರೆದರೆ ಯಾವ ಸ್ಕ್ಯಾನರೂ ಸಿಗಲಿಲ್ಲ ಅನ್ನುತ್ತದೆ. ವಿಂಡೋಸ್ ಹಾಕದೆ ದಾರಿ ಇದೆಯಾ?

ಕಲಬುರಗಿ, ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು

ಡಬ್ಬದ ಮೇಲಿನ ಹೆಸರನ್ನು ಸದ್ಯಕ್ಕೆ ಮರೆತುಬಿಡಿ. ಒಳಗಿನ ಚಿಪ್ ಯಾವುದು ಅನ್ನೋದೇ ಮುಖ್ಯ. ಒಂದೇ ಯಂತ್ರ ಬೇರೆ ಬೇರೆ ಕಂಪನಿಯ ಹೆಸರಲ್ಲಿ ಮಾರಾಟವಾಗಿರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕೈ ಬಿಡಬೇಡಿ.

ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಎಲ್‌ಎಸ್‌ಯುಎಸ್‌ಬಿ' (lsusb) ಕೊಡಿ, ಯುಎಸ್‌ಬಿಗೆ ಚುಚ್ಚಿದ ಯಂತ್ರಗಳ ಪಟ್ಟಿ ಬರುತ್ತದೆ. ಸ್ಕ್ಯಾನರಿನ ಸಾಲಿನಲ್ಲಿ ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಎರಡು ಗುಂಪು ಇರುತ್ತವೆ. ಮೊದಲನೆಯದು ಕಂಪನಿಯದು, ಎರಡನೆಯದು ಮಾಡೆಲ್‌ದು. 07ಬಿ3 ಅಂದರೆ ಪ್ಲಸ್‌ಟೆಕ್, 04ಬಿ0 ನಿಕಾನ್, 04ಬಿ8 ಎಪ್ಸನ್. 05ಇ3 ಬಂದರೆ ಅದು ಚಿಪ್ ಮಾಡುವ ಜೆನೆಸಿಸ್ ಲಾಜಿಕ್‌ದು, ಅಂದರೆ ಮಾರಿದವರು ತಮ್ಮ ಹೆಸರು ಬರೀ ಡಬ್ಬದ ಮೇಲೆ ಅಚ್ಚು ಹಾಕಿಸಿದ್ದಾರೆ. ಈ ನಂಬರ್ ಹಿಡಿದು ಸೇನ್ (ಲಿನಕ್ಸ್‌ನ ಸ್ಕ್ಯಾನರ್ ಸಾಫ್ಟ್‌ವೇರ್) ಪಟ್ಟಿಯಲ್ಲಿ ಹುಡುಕಿ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ಮಾತಾಡೋದು ಸಾಮಾನ್ಯವಾಗಿ ಸೇನ್ ಮೂಲಕವೇ. ಅದರೊಳಗೆ ಒಂದೊಂದು ಜಾತಿಯ ಯಂತ್ರಕ್ಕೆ ಒಂದೊಂದು ಬ್ಯಾಕೆಂಡ್, ಅಂದರೆ ಡ್ರೈವರ್, ಇದೆ.

ಆಮೇಲೆ 'ಸ್ಕ್ಯಾನ್‌ಇಮೇಜ್ -ಎಲ್' (scanimage -L) ಅನ್ನು ಒಮ್ಮೆ ಸುಮ್ನೆ, ಒಮ್ಮೆ ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಓಡಿಸಿ. ಸುಡೋದಲ್ಲಿ ಸಿಕ್ಕಿ ಮಾಮೂಲಿಯಾಗಿ ಸಿಗದಿದ್ದರೆ ಡ್ರೈವರ್ ತೊಂದರೆ ಅಲ್ಲ, ಪರ್ಮಿಷನ್ ತೊಂದರೆ. ಯುಡೆವ್‌ನಲ್ಲಿ (ಯಾವ ಯಂತ್ರವನ್ನು ಯಾರು ಬಳಸಬಹುದು ಅನ್ನೋ ನಿಯಮ ಇರುವಲ್ಲಿ) ಆ ನಂಬರಿನ ಒಂದು ಸಾಲು ಸೇರಿಸಿದರೆ ಮುಗಿಯಿತು. ಎರಡರಲ್ಲೂ ಸಿಗದಿದ್ದರೆ ನಿಮ್ಮ ಸೇನ್ ಹಳೆಯದಿರಬಹುದು. ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್ 7200ಐ, 7300, 7500ಐ ಮೊದಲು ಸೇನ್‌ನಲ್ಲಿ ಏಳುತ್ತಲೇ ಇರಲಿಲ್ಲ, ಈಗ ಜೆನೆಸಿಸ್ ಬ್ಯಾಕೆಂಡ್ ಅವನ್ನು ಗುರುತಿಸುತ್ತದೆ. ಇದಕ್ಕಾಗಿ ಇರೋ ಸಿಸ್ಟಮ್ ಕೆಡಿಸಿಕೊಳ್ಳಬೇಡಿ. ಹೊಸ ಉಬುಂಟುವನ್ನೋ ಫೆಡೋರಾವನ್ನೋ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲೈವ್ ಬೂಟ್ ಮಾಡಿ ನೋಡಿ.

ಒಂದು ಎಚ್ಚರಿಕೆ. ಕಾನ್ಫಿಗ್ ಫೈಲಿನಲ್ಲಿ ನಂಬರ್ ಸೇರಿಸಿದರೆ ಸಾಕು ಅಂತ ಹೇಳುವವರು ಸಿಗುತ್ತಾರೆ. ಎಪ್ಸನ್2 ತರಹದ ಬ್ಯಾಕೆಂಡ್‌ಗೆ ಅದು ಸರಿ. ಜೆನೆಸಿಸ್‌ನಲ್ಲಿ ಮಾಡೆಲ್ ಪಟ್ಟಿ ಕೋಡ್ ಒಳಗೇ ಇದೆ, ಬದಲಿಸಿ ಕಂಪೈಲ್ ಮಾಡಬೇಕು. ಹಾಗೆ ಅಕ್ಕಪಕ್ಕದ ಮಾಡೆಲ್ ಹೆಸರಲ್ಲಿ ಓಡಿಸುವಾಗ ಕೈ ಪವರ್ ಸ್ವಿಚ್ ಮೇಲಿರಲಿ. ಮೋಟಾರ್ ಎಷ್ಟು ಹೆಜ್ಜೆ ಹಾಕಬೇಕು ಅನ್ನೋ ಲೆಕ್ಕ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಲೆಕ್ಕ ತಪ್ಪಿದರೆ ಒಳಗಿನ ಕ್ಯಾರೇಜ್ ಗೋಡೆಗೆ ತಗುಲಿ ಕರಕರ ಅನ್ನುತ್ತದೆ. ಆ ಸದ್ದು ಬಂದ ಕೂಡಲೇ ಆಫ್ ಮಾಡಿ, ಗಿಯರ್ ಹಲ್ಲು ಹೋದರೆ ಬಿಡಿಭಾಗ ಸಿಗೋದಿಲ್ಲ.

ಬೀದರ್

ಮೇಲಿನ ಸರ್ ಹೇಳಿದ್ದು ಸರಿ, ಆದರೆ ನನಗೆ ಅಷ್ಟು ತಾಳ್ಮೆ ಇಲ್ಲ. ನನ್ನ ಸ್ಕ್ಯಾನರಿಗೆ ಸೇನ್‌ನಲ್ಲಿ ಬ್ಯಾಕೆಂಡೇ ಇಲ್ಲ. ವರ್ಚುವಲ್‌ಬಾಕ್ಸ್‌ನಲ್ಲಿ (ಲಿನಕ್ಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ಓಡಿಸುವ ಪ್ರೋಗ್ರಾಮ್) ಹಳೆಯ ವಿಂಡೋಸ್ 7 ಕೂರಿಸಿ, ಯುಎಸ್‌ಬಿ ಅದಕ್ಕೆ ದಾಟಿಸಿ, ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಸ್ಕ್ಯಾನ್ ಮಾಡುತ್ತೇನೆ. ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ. ಫೋಟೋ ಶೇರ್ಡ್ ಫೋಲ್ಡರ್ ಮೂಲಕ ಈ ಕಡೆ ಬರುತ್ತವೆ. ನಿಮ್ಮ ಯೂಸರ್ ಅನ್ನು 'ವಿಬಾಕ್ಸ್‌ಯೂಸರ್ಸ್' ಗುಂಪಿಗೆ ಸೇರಿಸದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿ ಕಾಣುತ್ತದೆ. ಎಲ್ಲರೂ ಮುಗ್ಗರಿಸೋದು ಅಲ್ಲೇ. ವೈನ್‌ನಲ್ಲಿ ಪ್ರಯತ್ನ ಬೇಡ. ಅದು ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡಿಸುತ್ತದೆ, ಇಂಥ ಡ್ರೈವರ್ ಓಡಿಸೋದಿಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಆಟ ಗೊತ್ತಲ್ವಾ? ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿರುತ್ತದೆ, ಸ್ಕ್ಯಾನರ್ ಮಾತ್ರ ಕಣ್ಣು ಮಿಟುಕಿಸಿ ಸತ್ತು ಏಳುತ್ತದೆ. ವರ್ಚುವಲ್ ಮಷಿನ್ ಅದನ್ನು ಕಳೆದುಕೊಳ್ಳುತ್ತದೆ. ಯುಎಸ್‌ಬಿ ಫಿಲ್ಟರ್ ಹಾಕಿಟ್ಟರೆ ತಾನೇ ಮತ್ತೆ ಸೇರಿಕೊಳ್ಳುತ್ತದೆ. ಆದರೆ ಅರ್ಧಕ್ಕೆ ನಿಂತ ಫ್ರೇಮ್ ಮತ್ತೆ ಮೊದಲಿಂದ. ಸ್ಕ್ಯಾನರನ್ನೂ ಯುಪಿಎಸ್‌ಗೇ ಚುಚ್ಚಿ.

ಕಲಬುರಗಿ, ಲ್ಯಾಬ್‌ನವರು ಮತ್ತೆ

ಬೀದರಿನವರಿಗೆ ಒಂದು ಮಾತು. ನಿಮ್ಮ ಈ ಏರ್ಪಾಟು ಡ್ರೈವರ್ ಬರೆಯುವವರಿಗೆ ಬಂಗಾರ. ವಿಂಡೋಸ್ ಒಳಗೆ ಸ್ಕ್ಯಾನ್ ನಡೆಯುವಾಗ ಹೊರಗೆ ಲಿನಕ್ಸ್‌ನಲ್ಲಿ 'ಯುಎಸ್‌ಬಿಮಾನ್' ಹಾಕಿ ವೈರ್‌ಶಾರ್ಕ್ ತೆರೆದರೆ ಯಂತ್ರಕ್ಕೆ ಹೋಗುವ ಒಂದೊಂದು ಆಜ್ಞೆಯೂ ಕಾಣುತ್ತದೆ. ಸಣ್ಣ ಸ್ಕ್ಯಾನ್, ಕಡಿಮೆ ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನೋ ಅಳತೆ), ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲು. ಹಾಗೆ ಹಿಡಿದ ಫೈಲುಗಳನ್ನು ಸೇನ್ ಡೆವಲಪರ್‌ಗಳಿಗೆ ಕಳಿಸಿ. ಮುಂದೆ ಇದೇ ಯಂತ್ರ ಕೊಂಡವರಿಗೆ ವರ್ಚುವಲ್ ಮಷಿನ್ ಬೇಕಾಗದೆ ಇರಬಹುದು.

ಯಾದಗಿರಿ

ವ್ಯೂಸ್ಕ್ಯಾನ್ ಅನ್ನೋ ಸ್ಕ್ಯಾನಿಂಗ್ ಪ್ರೋಗ್ರಾಮ್ ಬಗ್ಗೆ ಯಾರೂ ಹೇಳಲಿಲ್ಲ. ಲಿನಕ್ಸ್‌ಗೂ ಇದೆ, ಕಂಪನಿಗಳು ಕೈಬಿಟ್ಟ ಹಳೆಯ ಸ್ಕ್ಯಾನರ್‌ಗಳಿಗೆ ಅದರೊಳಗೇ ಡ್ರೈವರ್ ಇದೆ. ಓಪನ್ ಸೋರ್ಸ್ ಅಲ್ಲ, ದುಡ್ಡು ಕೊಡಬೇಕು. ಟ್ರಯಲ್‌ನಲ್ಲಿ ಫೋಟೋ ಮೇಲೆ ವಾಟರ್‌ಮಾರ್ಕ್ ಬರುತ್ತದೆ. ಬಂದರೇನು, ಯಂತ್ರ ಏಳುತ್ತದೋ ಇಲ್ಲವೋ ಅಂತ ಪುಕ್ಕಟೆ ಗೊತ್ತಾಗುತ್ತದಲ್ಲ.

ಕಲಬುರಗಿ, ಮದುವೆ ಫೋಟೋಗ್ರಾಫರ್

ತಮ್ಮಾ, ಡಬ್ಬಿಗಟ್ಟಲೆ ಇದ್ದರೆ ಸ್ಕ್ಯಾನರ್ ಬಿಡು. ಮ್ಯಾಕ್ರೋ ಲೆನ್ಸ್ ಇರೋ ಕ್ಯಾಮೆರಾ, ಕೆಳಗೊಂದು ಒಳ್ಳೆಯ ಎಲ್‌ಇಡಿ ಪ್ಯಾನಲ್, ಮೇಲೆ ಕಾಪಿ ಸ್ಟ್ಯಾಂಡ್. ರಾ ಫೈಲ್ ತೆಗೆ. ಕಲರ್ ನೆಗೆಟಿವ್‌ನ ಕಿತ್ತಳೆ ಬಣ್ಣ ತೆಗೆದು ಪಾಸಿಟಿವ್ ಮಾಡಲು ಡಾರ್ಕ್‌ಟೇಬಲ್ ಅನ್ನೋ ಫೋಟೋ ಪ್ರೋಗ್ರಾಮ್‌ನಲ್ಲಿ 'ನೆಗಾಡಾಕ್ಟರ್' ಇದೆ, ಪುಕ್ಕಟೆ. ಫ್ರೇಮ್ ಅಂಚಿನ ಖಾಲಿ ಫಿಲ್ಮ್ ಸ್ವಲ್ಪ ಫೋಟೋದಲ್ಲಿ ಬರಲಿ. ಆ ಕಿತ್ತಳೆಯನ್ನು ಅಳೆಯಲು ನೆಗಾಡಾಕ್ಟರ್‌ಗೆ ಅದು ಬೇಕು. ಮಂಕಾಗಿರೋದು ಎಮಲ್ಷನ್ ಬದಿ, ಅದನ್ನು ಕ್ಯಾಮೆರಾ ಕಡೆ ಇಟ್ಟರೆ ಆಮೇಲೆ ಚಿತ್ರವನ್ನು ಎಡಬಲ ಅದಲುಬದಲು ಮಾಡಬೇಕು, ನೆನಪಿರಲಿ. ಇಲ್ಲದಿದ್ದರೆ ಮದುಮಗಳ ಮೂಗುತಿ ಇನ್ನೊಂದು ಕಡೆ ಬರುತ್ತದೆ.

ಕೇಳಿದವರು

ಎಲ್ಲರಿಗೂ ಶರಣು. ನಂಬರ್ 07ಬಿ3 ಬಂತು. ಹೊಸ ಉಬುಂಟುವಿನ ಪೆನ್‌ಡ್ರೈವ್ ಹಾಕಿದರೆ ಜೆನೆಸಿಸ್ ಅಂತ ಗುರುತಿಸಿ ಸ್ಕ್ಯಾನ್ ಕೂಡ ಮಾಡಿತು! ಈಗ ಎರಡು ಪ್ರಶ್ನೆ. ಸೋರ್ಸ್‌ನಲ್ಲಿ ಇನ್‌ಫ್ರಾರೆಡ್ ಅಂತಲೂ ಒಂದಿದೆ, ಅದು ಬೇಕಾ? ಕಾಕಾನ ಹಳೆಯ ಫಿಲ್ಮ್ ಜಾಸ್ತಿ ಕಪ್ಪು-ಬಿಳುಪು. ಡಿಪಿಐ ಎಷ್ಟು ಇಡಲಿ?

ಕಲಬುರಗಿ, ಲ್ಯಾಬ್‌ನವರು

ಕಪ್ಪು-ಬಿಳುಪಿಗೆ ಬೇಡ. ಇನ್‌ಫ್ರಾರೆಡ್ ಬೆಳಕು ಕಲರ್ ಫಿಲ್ಮಿನ ಬಣ್ಣಗಳನ್ನು ದಾಟಿ ಹೋಗುತ್ತದೆ, ಧೂಳು, ಗೀರು ಮಾತ್ರ ಅಡ್ಡ ಬರುತ್ತವೆ. ಹಾಗಾಗಿ ಅವನ್ನು ಗುರುತಿಸಿ ಅಳಿಸಬಹುದು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಆಗಿರೋದೇ ಬೆಳ್ಳಿಯಿಂದ. ಬೆಳ್ಳಿಯೂ ಆ ಬೆಳಕನ್ನು ತಡೆಯುತ್ತದೆ, ಸಾಫ್ಟ್‌ವೇರ್ ಚಿತ್ರವನ್ನೇ ಧೂಳು ಅಂದುಕೊಳ್ಳುತ್ತದೆ. ಅಲ್ಲಿ ಬ್ಲೋವರ್ ಮತ್ತು ಮೆತ್ತನೆ ಬ್ರಷ್ ಅಷ್ಟೇ. ನಮ್ಮೂರ ಧೂಳಿಗೆ ಫ್ಯಾನ್ ಆಫ್ ಮಾಡಿ ಕೂರೋದು ಒಳ್ಳೆಯದು, ಸೆಖೆ ಆದರೂ.

3600 ಡಿಪಿಐ ಸಾಕು. ಒಂದು ಫ್ರೇಮ್ ಹತ್ತಿರಹತ್ತಿರ 5100 ಗುಣಿಸು 3400 ಪಿಕ್ಸೆಲ್ ಬರುತ್ತದೆ. ಕಲರ್‌ನಲ್ಲಿ 16 ಬಿಟ್ ಟಿಫ್ ಇಟ್ಟರೆ ಅದೇ 100 ಎಂಬಿ ಸುಮಾರು. 7200 ಇಟ್ಟರೆ ಫೈಲ್ ನಾಲ್ಕು ಪಟ್ಟು ದಪ್ಪ ಆಗುತ್ತದೆ, ವಿವರ ಅಷ್ಟು ಹೆಚ್ಚಾಗೋದಿಲ್ಲ. ಮೊದಲು ಎಲ್ಲವನ್ನೂ ಕಡಿಮೆ ಡಿಪಿಐಯಲ್ಲಿ ನೋಡಿಕೊಂಡು, ಬೇಕಾದ ಫ್ರೇಮ್ ಮಾತ್ರ ದೊಡ್ಡದಾಗಿ ತೆಗೆಯಿರಿ. ಡಬ್ಬಿ ನಂಬರ್ ಫೈಲ್ ಹೆಸರಲ್ಲೇ ಇರಲಿ.