ನೆಲದಡಿಯ ಬಿಸಿ ಯಾರ ಸ್ವತ್ತು? ಪೂಗಾ ಯೋಜನೆ ಬಗ್ಗೆ ಒಂದು ಪ್ರಶ್ನೆ

ಬೋರ್‌ವೆಲ್ ಭೂಪ:
2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಭೂಶಾಖದ, ಅಂದರೆ ನೆಲದಡಿಯ ಬಿಸಿಯ ಬಗ್ಗೆ ರಾಷ್ಟ್ರೀಯ ನೀತಿ ಹೊರಡಿಸಿತಲ್ಲ, ಅದನ್ನು ಓದುತ್ತಿದ್ದೆ. ದೇಶದಲ್ಲಿ 381 ಬಿಸಿನೀರಿನ ಬುಗ್ಗೆಗಳಿವೆ, ಸುಮಾರು 10,600 ಮೆಗಾವ್ಯಾಟ್ ಕರೆಂಟು ತೆಗೆಯಬಹುದು ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ (ಜಿಎಸ್‌ಐ) ಲೆಕ್ಕ. ಆದರೆ ಲಡಾಖ್‌ನ ಪೂಗಾದಲ್ಲಿ 1970ರ ದಶಕದಲ್ಲೇ ಕೊರೆದು ನೋಡಿದ್ದರು, 1 ಮೆಗಾವ್ಯಾಟ್ ಘಟಕಕ್ಕೆ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಒಪ್ಪಂದ ಮಾಡಿಕೊಂಡಿದ್ದು 2021ರಲ್ಲಿ. ಯಾಕೆ ಇಷ್ಟು ನಿಧಾನ? ಇನ್ನೊಂದು, ಕಲ್ಲಿದ್ದಲು ಖನಿಜ ಸರಿ, ಆದರೆ ಬಿಸಿ ಅನ್ನೋದು ಖನಿಜವೂ ಅಲ್ಲ ನೀರೂ ಅಲ್ಲ. ನಮ್ಮ ಹೊಲದ ಕೆಳಗೆ ಸಿಕ್ಕರೆ ಅದು ಯಾರದ್ದು?

ಕಲ್ಲುಬಂಡೆ:
ಒಂದೊಂದು ದೇಶ ಒಂದೊಂದು ತರ. ಜರ್ಮನಿಯಲ್ಲಿ ಗಣಿ ಕಾನೂನಿನ ಕೆಳಗೆ ಬರುತ್ತದೆ, ಜಮೀನು ನಿಮ್ಮದಾದರೂ ಆಳದ ಬಿಸಿ ನಿಮ್ಮದಲ್ಲ. ಇಂಡೋನೇಷ್ಯಾ 2003ರಲ್ಲಿ ಇದನ್ನು ಗಣಿಗಾರಿಕೆ ಅಂತಲೇ ಬರೆದುಕೊಂಡು ಸಿಕ್ಕಿಹಾಕಿಕೊಂಡಿತು, ಯಾಕಂದ್ರೆ ಬಿಸಿ ಇರುವುದು ಜಾಸ್ತಿ ಕಾಡಿನ ಬೆಟ್ಟಗಳಲ್ಲಿ, ರಕ್ಷಿತ ಕಾಡಿನಲ್ಲಿ ಗಣಿಗೆ ತಡೆ! 2014ರಲ್ಲಿ ಹೊಸ ಕಾನೂನು ಮಾಡಿ ಗಣಿಯಿಂದ ಬೇರ್ಪಡಿಸಿದರು.

ನ್ಯೂಜಿಲೆಂಡ್ 1953ರಲ್ಲೇ ಹಕ್ಕನ್ನು ಸರ್ಕಾರಕ್ಕೆ ಬರೆದುಕೊಂಡಿತ್ತು. ಆದರೂ ರೊಟೊರುವಾ ಊರಲ್ಲಿ ಮನೆ, ಹೋಟೆಲ್ ಅಂತ ಎಲ್ಲರೂ ಬೋರ್ ಹಾಕಿಕೊಂಡು ಬಿಸಿನೀರು ಎಳೆದರು, ಚಿಮ್ಮುವ ಬುಗ್ಗೆಗಳು ಸೊರಗಿದವು. ಕೊನೆಗೆ 1980ರ ದಶಕದಲ್ಲಿ ಪೊಹುಟು ಬುಗ್ಗೆಯ ಸುತ್ತ ಒಂದೂವರೆ ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಸರ್ಕಾರವೇ ಮುಚ್ಚಿಸಿತು, ಆಮೇಲೆ ನೆಲದಡಿಯ ನೀರಿನ ಒತ್ತಡ ಚೇತರಿಸಿಕೊಂಡಿತು. ಕಾಗದದಲ್ಲಿ ಒಡೆಯ ಯಾರಾದರೆ ಏನು, ಮುಚ್ಚಿಸುವ ಧೈರ್ಯ ಇರಬೇಕು.

ನೈರೋಬಿ ಕನ್ನಡಿಗ:
ಒಡೆತನದ್ದು ವಕೀಲರ ಜಗಳ, ನಿಜವಾದ ಪ್ರಶ್ನೆ ಬೋರ್ ಫೇಲಾದರೆ ದುಡ್ಡು ಯಾರದ್ದು ಅಂತ. ಕೊರೆಯುವವರೆಗೆ ಕೆಳಗೆ ಏನಿದೆ ಖಚಿತವಾಗಿ ಗೊತ್ತಾಗಲ್ಲ, ಒಂದು ಬಾವಿಗೇ ಕೋಟಿಗಟ್ಟಲೆ ಹೋಗುತ್ತದೆ, ಅಂಥದ್ದಕ್ಕೆ ಬ್ಯಾಂಕ್ ಸಾಲ ಕೊಡುತ್ತಾ? ಕೀನ್ಯಾದಲ್ಲಿ ಸರ್ಕಾರ ಇದಕ್ಕೆ ಅಂತಲೇ ಜಿಡಿಸಿ (ಜಿಯೋಥರ್ಮಲ್ ಡೆವಲಪ್‌ಮೆಂಟ್ ಕಂಪನಿ) ಎಂಬ ಕಂಪನಿ ಮಾಡಿತು. ಮೆನೆಂಗೈ ಎಂಬ ಜ್ವಾಲಾಮುಖಿ ಪ್ರದೇಶದಲ್ಲಿ ಅವರೇ ಕೊರೆಯುತ್ತಾರೆ, ಹಬೆ ಸಿಕ್ಕಮೇಲೆ ಖಾಸಗಿಯವರಿಗೆ ಮಾರುತ್ತಾರೆ. ಇವತ್ತು ಇಲ್ಲಿನ ಅರ್ಧದ ಹತ್ತಿರ ಕರೆಂಟು ಭೂಶಾಖದ್ದೇ. ಹಾಗಂತ ಎಲ್ಲ ಚೆನ್ನಾಗಿಲ್ಲ, ಓಲ್ಕರಿಯಾ ಭೂಶಾಖ ಕ್ಷೇತ್ರದಲ್ಲಿ ಮಸಾಯಿ ಜನರನ್ನು ಎಬ್ಬಿಸಿದ ದೂರು ವಿಶ್ವ ಬ್ಯಾಂಕ್‌ವರೆಗೆ ಹೋಗಿತ್ತು.

ಮೆಲ್ಲಗೆ ಹೋಗಿ:
ದುಡ್ಡಿನ ಮಾತು ಒಪ್ಪುತ್ತೇನೆ, ಆದರೆ ಸುಮ್ನೆ ರಿಗ್ ಇಳಿಸಿಬಿಡಿ ಅನ್ನೋದು ತಪ್ಪು. 2022ರ ಆಗಸ್ಟ್‌ನಲ್ಲಿ ಪೂಗಾ ಬಾವಿಯಿಂದ ಹೊರಬಂದ ದ್ರವ ಅಲ್ಲಿನ ಹೊಳೆಗೆ ಸೇರಿ, ಊರವರು ಗಲಾಟೆ ಮಾಡಿ, ಕೆಲಸ ನಿಂತಿತು. ಅದು ಚಾಂಗ್ಪಾ ಕುರಿಗಾಹಿಗಳ ಹುಲ್ಲುಗಾವಲು ಸ್ವಾಮಿ.

ಆಳಕ್ಕೆ ಹೋದಷ್ಟೂ ಬೇರೆ ಅಪಾಯ. ಬಿಸಿ ಇದೆ, ನೀರಿಲ್ಲ ಅಂದ್ರೆ ಬಂಡೆಯೊಳಗೆ ಒತ್ತಡದಿಂದ ನೀರು ನುಗ್ಗಿಸಬೇಕು. 2006ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೀಗೆ ನೀರು ನುಗ್ಗಿಸುವಾಗ ನೆಲ ನಡುಗತೊಡಗಿತು ಅಂತ ಪಂಪ್ ನಿಲ್ಲಿಸಿದರು, ನಿಲ್ಲಿಸಿ ಕೆಲವು ಗಂಟೆ ಆದಮೇಲೆ 3.4 ತೀವ್ರತೆಯ ಕಂಪನ ಬಂತು. ಕೊರಿಯಾದ ಪೋಹಾಂಗ್‌ನಲ್ಲಿ 2017ರಲ್ಲಿ 5.5. ಅಲ್ಲಿನ ಭೂಶಾಖ ಯೋಜನೆಯೇ ಕಾರಣ ಅಂತ ಸರ್ಕಾರ ನೇಮಿಸಿದ ತಂಡವೇ 2019ರಲ್ಲಿ ಹೇಳಿತು. ಹಿಮಾಲಯದಲ್ಲಿ ಇದನ್ನು ಮಾಡುವವರು ಕಂಪನದ ಅಳತೆಯನ್ನು ಕಂಪನಿ ಕೈಯಲ್ಲಿ ಬಿಡಬಾರದು, ಬೇರೆಯವರು ಅಳೆಯಬೇಕು, ಅದೂ ಕೊರೆಯೋಕೆ ಮುಂಚಿನಿಂದಲೇ.

ಬೋರ್‌ವೆಲ್ ಭೂಪ:
ಥ್ಯಾಂಕ್ಸ್ ಎಲ್ಲರಿಗೂ. ನಮ್ಮ ಕರ್ನಾಟಕದಲ್ಲಿ ಏನಾದರೂ ಉಂಟಾ?

ಕಲ್ಲುಬಂಡೆ:
ಆಸೆ ಬೇಡ. ನಮ್ಮದು ತುಂಬಾ ಹಳೆಯ, ತಣ್ಣಗಾದ ಬಂಡೆ. ಪುತ್ತೂರು ಹತ್ತಿರ ಇರ್ದೆಯ ಬೆಂದ್ರ್ ತೀರ್ಥ ಇದೆ, ಅದು ಸ್ನಾನಕ್ಕೆ ಹದವಾದ ಬಿಸಿ, ಟರ್ಬೈನ್ ತಿರುಗಿಸುವಂಥದ್ದಲ್ಲ.

ಪೂಗಾದಲ್ಲೂ ಎಲ್ಲರೂ ಮೆಗಾವ್ಯಾಟ್ ಲೆಕ್ಕ ಮಾತ್ರ ಹಾಕುತ್ತಾರೆ ನೋಡಿ. ಹೊಸ ನೀತಿಯಲ್ಲಿ ಕಟ್ಟಡ ಬೆಚ್ಚಗಿಡುವುದಕ್ಕೂ ಜಾಗ ಇದೆ. ಸುಮಾರು 4,400 ಮೀಟರ್ ಎತ್ತರದ ಆ ಕಣಿವೆಯಲ್ಲೇ ಅಲೆಮಾರಿ ಮಕ್ಕಳ ವಸತಿ ಶಾಲೆ ಇದೆ. ಕರೆಂಟಿಗೆ ಮೊದಲು ಅಲ್ಲಿಗೆ ಒಂದು ಬಿಸಿನೀರಿನ ಪೈಪ್ ಎಳೆಯಲಿ, ಅದಕ್ಕೆ ಕಿಲೋಮೀಟರ್ ಆಳವೂ ಬೇಕಿಲ್ಲ.