ಟೋಕನ್ ತಗೊಂಡಾಗಿದೆ, ಈಗ ಅಣ್ಣ ಬೇಡ ಅನ್ನುತ್ತಿದ್ದಾನೆ

ಸುಧಾ, ಜಯನಗರ: ಮೇಲಿನ ಮನೆ ಬಾಡಿಗೆಗೆ ಕೊಡುತ್ತೇನೆ ಅಂತ ಗಂಡ-ಹೆಂಡತಿಗೆ ಮಾತು ಕೊಟ್ಟು ಟೋಕನ್ ತಗೊಂಡಿದ್ದೇನೆ. ಅವರು ಮಾಂಸ ತಿನ್ನುತ್ತಾರೆ ಅಂತ ಗೊತ್ತಾದ ಮೇಲೆ ಅಣ್ಣ, ಅಕ್ಕಪಕ್ಕದವರು ಎಲ್ಲರೂ 'ದುಡ್ಡು ವಾಪಸ್ ಕೊಡು' ಅನ್ನುತ್ತಿದ್ದಾರೆ. ಅವರು ಈಗಿರುವ ಮನೆಗೆ ನೋಟಿಸ್ ಕೊಟ್ಟಾಗಿದೆ. ನಾನು ಮಾತು ತಪ್ಪುವುದಿಲ್ಲ. ಸರಿ ತಾನೇ?

ಗಿರಿನಗರ ರಾಯರು: ಅಗ್ರಿಮೆಂಟ್ ಆಗಿಲ್ಲವಲ್ಲಮ್ಮ. ಟೋಕನ್ ವಾಪಸ್ ಕೊಟ್ಟರೆ ಮುಗಿಯಿತು. ಒಡಹುಟ್ಟಿದವನ ಮನಸ್ಸು ನೋಯಿಸಿ ಯಾರಿಗೋ ಮನೆ ಕೊಡಬೇಕಾ?

ಕಿರಣ್ ವಿಜಯನಗರ: 'ಅಗ್ರಿಮೆಂಟ್ ಆಗಿಲ್ಲ' ಅನ್ನಬೇಡಿ ಸಾರ್. 1872ರ ಕಾಂಟ್ರಾಕ್ಟ್ ಆ್ಯಕ್ಟ್ ಬಾಯಿಮಾತಿನ ಒಪ್ಪಂದವನ್ನೂ ಮಾನ್ಯ ಮಾಡುತ್ತದೆ. ದುಡ್ಡು ಬೇರೆ ತಗೊಂಡಿದ್ದಾರೆ.

ಗಿರಿನಗರ ರಾಯರು: ಆ್ಯಕ್ಟ್ ಬಿಡಿ. ತತ್ವ ಅಂದರೆ ವಿಶ್ವೇಶ್ವರಯ್ಯನವರದು. ಒಪ್ಪದ ಕೆಲಸಕ್ಕೆ ತಲೆಯಾಡಿಸಲಿಲ್ಲ, 1918ರಲ್ಲಿ ದಿವಾನಗಿರಿಯನ್ನೇ ಬಿಟ್ಟರು. ಅಣ್ಣನಿಗೂ ಒಪ್ಪದಿರುವ ಹಕ್ಕಿದೆ.

ಕೆಂಗೇರಿ ಗೌಡ: ಯಾವುದನ್ನು ಒಪ್ಪದೆ ಬಿಟ್ಟರು, ಅದನ್ನೂ ಹೇಳಿ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವುದನ್ನು! ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕಾಗಿ ಮಿಲ್ಲರ್ ಸಮಿತಿ ಮಾಡಿದರು. ಅಂಥ ದಿವಾನರೇ ಬೇಡ ಅಂದರೂ ಹಿಂದೆ ಸರಿಯಲಿಲ್ಲ. ಸುಧಾ ಅವರು ನೋಡಬೇಕಾದದ್ದು ಮಹಾರಾಜರನ್ನು.

ಗಿರಿನಗರ ರಾಯರು: 'ಬೇಡ ಅಂದರು' ಅಂತ ಅರ್ಧ ಹೇಳಬೇಡಿ. ಮೊದಲು ಎಲ್ಲರಿಗೂ ಓದು ಕೊಡಿ, ಅರ್ಹತೆ ನೋಡಿ ಕೆಲಸ ಕೊಡಿ ಅಂದರು. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ, ಅವರು ದಿವಾನರಾಗಿದ್ದಾಗ.

ಕೆಂಗೇರಿ ಗೌಡ: ವಿಶ್ವವಿದ್ಯಾಲಯಕ್ಕೆ ಮಹಾರಾಜರೇ ಮೊದಲ ಕುಲಾಧಿಪತಿ, ಅದನ್ನು ಯಾಕೆ ಬಿಟ್ಟಿರಿ? ಮಿಲ್ಲರ್ ವರದಿ ಕೇಳಿದ್ದು ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ. 'ಮೊದಲು ಓದಲಿ' ಅಂತ ಕಾಯುತ್ತಾ ಕೂತಿದ್ದರೆ ನಮ್ಮ ತಾತ ಗುಮಾಸ್ತರೂ ಆಗುತ್ತಿರಲಿಲ್ಲ. ಇದು ನನಗೆ ಬರೀ ಇತಿಹಾಸ ಅಲ್ಲ.

ಗಿರಿನಗರ ರಾಯರು: ನಿಮ್ಮ ತಾತನವರ ಬಗ್ಗೆ ನಾನೇನೂ ಅಂದಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ಕುಡಿದವರು ಸರ್ ಎಂವಿ ಬಗ್ಗೆ ಹೀಗೆ ಮಾತಾಡಬಾರದು.

ಕೆಂಗೇರಿ ಗೌಡ: ಕಟ್ಟೆಗೆ ದುಡ್ಡು ಹೊಂದಿಸಿದ್ದು ಯಾರು?

ಮೀನಾಕ್ಷಿ: ಕಟ್ಟೆ ಜಗಳ ಇಲ್ಲಿ ಬೇಡ, ದಯವಿಟ್ಟು. ಸುಧಾ, ಊಟದ ವಿಚಾರ ಮೊದಲೇ ಕೇಳಿಬಿಡಬಹುದಿತ್ತು ಅಲ್ವಾ?

ಸುಧಾ, ಜಯನಗರ: ಯಾಕೆ ಕೇಳಬೇಕು? ಅವರ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಅನ್ನುವುದು ನನ್ನ ವಿಚಾರವಲ್ಲ. ಕೀ ಕೊಟ್ಟಾಗಿದೆ, ಭಾನುವಾರ ಸಾಮಾನು ತರುತ್ತಾರೆ. ಅಣ್ಣ ಮಾತು ಬಿಟ್ಟಿದ್ದಾನೆ. ಬೇಜಾರಿದೆ, ಆದರೆ ಕೊಟ್ಟ ಕೀ ವಾಪಸ್ ಕೇಳುವುದಿಲ್ಲ.

ಗಿರಿನಗರ ರಾಯರು: 'ಅಣ್ಣ ಮಾತು ಬಿಟ್ಟಿದ್ದಾನೆ.' ನಾನು ಮೊದಲೇ ಹೇಳಿದ್ದು ಇದನ್ನೇ.

ಕಿರಣ್ ವಿಜಯನಗರ: ಬಿಟ್ಟಿದ್ದು ಅಣ್ಣ, ಸುಧಾ ಅಲ್ಲ.

ಕೆಂಗೇರಿ ಗೌಡ: ರಾಯರೇ, ಮಿಲ್ಲರ್ ವರದಿಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ.