ನಾಲ್ಕುನಾಡು ಅರಮನೆಗೆ ಟಿಕೆಟ್ ಇಡಬಹುದಾ? ನಮ್ಮ ಐನ್‌ಮನೆಗೆ?

ಪ್ರಶ್ನೆ: ನಮಸ್ತೆ ಮೇಡಂ. ನೀವು ಹಳೇ ಕಟ್ಟಡಗಳ ರಿಪೇರಿ ಮಾಡಿಸುವವರು ಅಂತ ಕೇಳುತ್ತಿದ್ದೇನೆ. ಹೋದ ವಾರ ಕೊಡಗಿನ ಕಕ್ಕಬ್ಬೆ ಕಡೆ ಹೋದಾಗ ನಾಲ್ಕುನಾಡು ಅರಮನೆ ನೋಡಿ ಬಂದೆವು. ಗೋಡೆಯ ಚಿತ್ರದ ಮೇಲೇ ಯಾರೋ ಹೆಸರು ಕೆತ್ತಿದ್ದಾರೆ. ಹೊಟ್ಟೆ ಉರಿಯಿತು. ಟಿಕೆಟ್ ಇಟ್ಟು ಆ ದುಡ್ಡಲ್ಲಿ ನೋಡಿಕೊಳ್ಳಬಹುದಲ್ವಾ? ನಮ್ಮ ಒಕ್ಕದ (ಮನೆತನದ) ಐನ್‌ಮನೆ, ಅಂದರೆ ಹಿರಿಯರ ಕಾಲದ ಮೂಲ ಮನೆ, ಅದರ ಮಾಡೂ ಸೋರುತ್ತಿದೆ. ಹೋಂಸ್ಟೇಗೆ ಬಂದವರಿಗೆ ದುಡ್ಡು ತಗೊಂಡು ತೋರಿಸಿದರೆ ತಪ್ಪಾ?

ಉತ್ತರ: ತಪ್ಪೇನಿಲ್ಲ. 1992ರಲ್ಲಿ ಇಂಗ್ಲೆಂಡಿನ ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದು 100ಕ್ಕೂ ಜಾಸ್ತಿ ಕೋಣೆಗಳು ಹಾಳಾದವು. ಜನರ ತೆರಿಗೆ ದುಡ್ಡಲ್ಲಿ ರಿಪೇರಿ ಯಾಕೆ ಅಂತ ಗಲಾಟೆ ಆಯಿತು. ಆ ರಿಪೇರಿಯ ಖರ್ಚಿಗೆ ಅಂತ ಮರುವರ್ಷ ಬೇಸಿಗೆಯಲ್ಲಿ ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯನ್ನು ಟಿಕೆಟ್ ಇಟ್ಟು ತೆರೆದರು. 1997ಕ್ಕೆ ಕೋಟೆಯ ಕೆಲಸ ಮುಗಿಯಿತು. ಖರ್ಚಾದ 3 ಕೋಟಿ 65 ಲಕ್ಷ ಪೌಂಡಿನಲ್ಲಿ ಹೆಚ್ಚಿನ ಪಾಲು ನೋಡಲು ಬಂದವರು ಕೊಟ್ಟದ್ದೇ. ಈ ದುಡ್ಡು ಆ ಕೋಟೆಗೆ ಅಂತ ಮೊದಲೇ ಎಲ್ಲರಿಗೂ ಗೊತ್ತಿತ್ತು. ನನಗೆ ದೊಡ್ಡದು ಅನಿಸುವುದು ಅದೇ.

ನಾಲ್ಕುನಾಡು ಅರಮನೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಲು ಶುರು ಮಾಡಿದ್ದು. ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದು ಕೂತಿದ್ದೂ ಅಲ್ಲೇ. ಅದು ಮರದ ಅಟ್ಟದ ಮನೆ, ಮೈಸೂರು ಅರಮನೆಯಷ್ಟು ಜನರನ್ನು ತಡೆಯುವುದಿಲ್ಲ. ಟಿಕೆಟ್ ಇಡಲಿ. ಆದರೆ ಒಂದು ಸಲಕ್ಕೆ ಹತ್ತು ಹದಿನೈದು ಜನ, ಜೊತೆಗೆ ಕಥೆ ಹೇಳುವ ಊರಿನವರೊಬ್ಬರು. ಪಕ್ಕದಲ್ಲಿ ಮನುಷ್ಯ ನಿಂತಿದ್ದರೆ ಯಾರೂ ಗೋಡೆ ಕೆರೆಯುವುದಿಲ್ಲ.

ಪ್ರಶ್ನೆ: ಐನ್‌ಮನೆಗೆ? ಹಿರಿಯರು ಒಪ್ಪುತ್ತಿಲ್ಲ.

ಉತ್ತರ: ಅವರ ಮಾತಲ್ಲಿ ಅರ್ಥ ಇದೆ. ಬಕಿಂಗ್‌ಹ್ಯಾಮಿನಲ್ಲೂ ಬೇಸಿಗೆಯಲ್ಲಿ ರಾಣಿ ಊರಲ್ಲಿಲ್ಲದಾಗ ದರ್ಬಾರಿನ ಕೋಣೆಗಳನ್ನಷ್ಟೇ ತೋರಿಸುತ್ತಿದ್ದರು, ಅವರು ಮಲಗುವ ಕೋಣೆಯನ್ನಲ್ಲ. ನೀವೂ ಕೈಯಾಲೆ (ಮುಂದಿನ ಜಗಲಿ) ತೋರಿಸಿ, ಕಂಬಗಳ ನಡುವಿನ ಮರದ ಹಲಗೆ ಐಮರದ ಮೇಲೆ ಕೂರಿಸಿ ಕಾಫಿ ಕೊಡಿ. ಕೆತ್ತನೆಯ ಕಂಬ ನೋಡಲಿ. ದೀಪ ಇಡುವ ನಡುಮನೆ, ನೆಲ್ಲಕ್ಕಿ ನಡುಬಾಡೆ, ಒಕ್ಕದವರಿಗೇ ಇರಲಿ. ಪುತ್ತರಿ, ಕೈಲ್‌ಪೋಳ್ದ್ ಹಬ್ಬದ ದಿನಗಳಲ್ಲಿ ಹೊರಗಿನವರು ಬೇಡ. ದುಡ್ಡಿಗೆ ಒಕ್ಕದ ಹೆಸರಲ್ಲಿ ಬೇರೆ ಖಾತೆ ತೆಗೆಯಿರಿ. ಹಿರಿಯರ ಮುಂದೆ ಲೆಕ್ಕ ಇಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮೊದಲ ದುಡ್ಡು ಮಾಡಿಗೆ. ಮಳೆ ಹಿಡಿಯುವ ಮುಂಚೆ ಹೆಂಚು ಕೈಯಾಡಿಸಿ, ಅದರ ಕೆಳಗಿನ ಲಡ್ಡಾದ ರೀಪು ಬದಲಿಸಿ.

ಪ್ರಶ್ನೆ: ಗೋಡೆಗೆ ಸಿಮೆಂಟ್ ಬಳಿಯೋಣ ಅಂತಾರೆ ಮೇಸ್ತ್ರಿ.

ಉತ್ತರ: ದಯವಿಟ್ಟು ಬೇಡ. ಮಣ್ಣಿನ ಗೋಡೆ ಕುಡಿದ ನೀರು ಹೊರಗೆ ಹೋಗಬೇಕು. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ, ಆಮೇಲೆ ಗೋಡೆಯೇ ಉಬ್ಬಿ ಕಳಚುತ್ತದೆ. ಸುಣ್ಣದ ಗಾರೆಯೇ ಆಗಬೇಕು. ಉದುರಿದ ಹಳೇ ಗಾರೆಯ ತುಂಡು ಇದ್ದರೆ ಗುಡಿಸಿ ಬಿಸಾಡಬೇಡಿ. ಹಾಗೇ ಎತ್ತಿಡಿ, ಬಂದಾಗ ನೋಡಿ ಎಷ್ಟು ಸುಣ್ಣಕ್ಕೆ ಎಷ್ಟು ಮರಳು ಅಂತ ಹೇಳುತ್ತೇನೆ.